ಅಲ್ಲಿ ಬೇಡ, ಇಲ್ಲಿ ಬರಲಿ

ಮೇ 15, 2024, ಬುಧವಾರ. ದಾವಣಗೆರೆ ಬಸ್ ನಿಲ್ದಾಣದಲ್ಲಿ ಚನ್ನಗಿರಿ ಬಸ್ಸಿಗೆ ಕಾಯುತ್ತ ಕೂತಿದ್ದೆವು, ನಾನು ಮತ್ತು ನನ್ನ ಮೊಮ್ಮಗಳು. ಅವಳು ಬೆಂಗಳೂರಿನವಳು, ಏಳನೇ ತರಗತಿಗೆ ಹೋಗಬೇಕಾದವಳು. ಈ ಸಲದ ಬೇಸಿಗೆಯಲ್ಲಿ ಬೆಂಗಳೂರಿನವರು ನೀರಿಗೆ ಪಟ್ಟ ಪಾಡು ನಿಮಗೆಲ್ಲ ಗೊತ್ತೇ ಇದೆ. ಅವರ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ. "ಸ್ಕೂಲು ಶುರುವಾಗೋವರೆಗೆ ಅಜ್ಜನ ಹತ್ರ ಇರು" ಎಂದು ಮಗಳು ತಂದು ಬಿಟ್ಟು ಹೋಗಿದ್ದಳು. ಹೇಗೂ ಬಂದಿದ್ದಾಳೆ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದ ನಾಲ್ಕು ಊರುಗಳನ್ನು ತೋರಿಸಿಬಿಡೋಣ ಎಂದು ಹೊರಟೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾನು ಕೆಲಸಕ್ಕೆ ಸೇರಿದಾಗ ಮೊದಲಿನ ಮೂರೂ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ನಾಲ್ಕೂ ಒಂದೇ ಮನೆಯವಾದವು. ಆದರೂ ಮಳೆ ಮಾತ್ರ ಇನ್ನೂ ಹಳೇ ಜಿಲ್ಲೆಗಳ ಲೆಕ್ಕದಲ್ಲೇ ಬೀಳುತ್ತದೆ.

ಬಸ್ಸು ತುಂಬಿತ್ತು. ಶಕ್ತಿ ಯೋಜನೆ ಬಂದ ಮೇಲೆ ನನ್ನಂಥ ಮುದುಕರಿಗೆ ಸೀಟು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಲೋಕಸಭೆ ಚುನಾವಣೆಗೆ ಓಟು ಹಾಕಿ ಎಂಟು ದಿನವಾಗಿತ್ತಷ್ಟೇ, ಎಲ್ಲರ ಬೆರಳ ಮೇಲೂ ಶಾಯಿ ಹಾಗೇ ಇತ್ತು. ಆದರೆ ಅದರ ಸುದ್ದಿ ಯಾರಿಗೂ ಬೇಕಿರಲಿಲ್ಲ. ಕೆಂಪು ಅಂಗಿಯ ಮೇಲೆ 18 ಎಂದು ಬರೆಸಿಕೊಂಡ ಕಾಲೇಜು ಹುಡುಗನೊಬ್ಬ ಕಂಬಕ್ಕೆ ಒರಗಿ ನಿಂತಿದ್ದ. ಕಂಡಕ್ಟರ್ ಅವನಿಗೆ ಟಿಕೆಟ್ ಹರಿದುಕೊಟ್ಟು, ಚಿಲ್ಲರೆ ಕೊಡುವ ಬದಲು ಪ್ರಶ್ನೆ ಕೇಳಿದ.

"ಏನಪಾ, ಹೋಗ್ತಾರಾ ಪ್ಲೇ ಆಫ್‌ಗೆ?"

"ಹೋಗೇ ಹೋಗ್ತಾರೆ ಸರ್."

"ಏಪ್ರಿಲ್‌ನಾಗ ಇದೇ ಬಸ್ಸಿನ್ಯಾಗೆ ನೀನೇ ಬೈತಿದ್ದೆ."

ಹುಡುಗ ಬೈದಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಬೆಂಗಳೂರು ತಂಡ ಏಪ್ರಿಲ್ 21ರ ಹೊತ್ತಿಗೆ ಎಂಟು ಪಂದ್ಯ ಆಡಿ ಗೆದ್ದಿದ್ದು ಒಂದೇ. ಪಟ್ಟಿಯಲ್ಲಿ ಹತ್ತನೆಯ ಸ್ಥಾನ, ಹನ್ನೊಂದನೆಯದು ಇರಲಿಲ್ಲ. ಹೈದರಾಬಾದ್ ತಂಡ ನಮ್ಮೂರಿಗೇ ಬಂದು 287 ಹೊಡೆದು ಹೋಗಿತ್ತು. ಕೋಲ್ಕತ್ತಾದಲ್ಲಿ ಕೊನೆಯ ಓವರಿಗೆ 21 ಬೇಕಿದ್ದಾಗ ಕರ್ಣ್ ಶರ್ಮಾ ಮೂರು ಸಿಕ್ಸರ್ ಹೊಡೆದರೂ ಸೋತಿದ್ದು ಒಂದು ರನ್ನಿನಿಂದ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆಮೇಲೆ ಅದೇ ತಂಡ ಐದು ಪಂದ್ಯಗಳನ್ನು ಸಾಲಾಗಿ ಗೆದ್ದು ಕೂತಿತ್ತು. ಇನ್ನುಳಿದಿದ್ದು ಒಂದೇ. ಶನಿವಾರ, ಮೇ 18ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ಮೇಲೆ.

"ಆ ಒಂದು ರನ್ ಹೊಡೆದಿದ್ರೆ ಇವತ್ತು ಈ ಲೆಕ್ಕಾನೇ ಇರ್ತಿರಲಿಲ್ಲ" ಎಂದ ಕಂಡಕ್ಟರ್. ಚಿಲ್ಲರೆ ಕೊಟ್ಟನೋ ಇಲ್ಲವೋ ನಾನು ನೋಡಲಿಲ್ಲ.

ಚನ್ನಗಿರಿಗೆ ಆ ಹೆಸರು ಬಂದಿದ್ದು ಕೆಳದಿ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ. ಗುಡ್ಡದ ಮೇಲೆ ಕೋಟೆ, ಕೆಳಗೆ ಪೇಟೆ, ಪೇಟೆಯ ತುಂಬ ಅಡಿಕೆ ವಾಸನೆ. ಮೊಮ್ಮಗಳಿಗೆ ನನ್ನ ಹಳೇ ಶಾಖೆ ತೋರಿಸಿದೆ. ಈಗ ಅಲ್ಲಿ ಗಾಜಿನ ಬಾಗಿಲು. "ಇಲ್ಲಿ ಕೂತು ಏನು ಮಾಡ್ತಿದ್ದೆ?" ಎಂದಳು. "ಕೂಡ್ತಿದ್ದೆ, ಕಳೀತಿದ್ದೆ" ಎಂದೆ. ಬೇರೇನು ಹೇಳಲಿ?

ನನ್ನ ತಂಗಿಯ ಮನೆ ಪಕ್ಕದ ಹಳ್ಳಿಯಲ್ಲಿ. ಮೂರು ಎಕರೆ ಅಡಿಕೆ ತೋಟ. ಪ್ರತಿ ಸಲ ಹೋದಾಗಲೂ ತೋಟದೊಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ಈ ಸಲ ಕಾಲಡಿಯಲ್ಲಿ ಒಣ ಸೋಗೆ ಚರಚರ ಅನ್ನುತ್ತಿತ್ತು. ಹೋದ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತ್ತಲ್ಲ, ಪೇಪರಿನಲ್ಲಿ ಓದಿದ ಆ ಅಂಕಿ ಇಲ್ಲಿ ಮರದ ತಲೆಯ ಮೇಲೆ ಕಾಣುತ್ತಿತ್ತು. ಗರಿಗಳು ಹಳದಿಗೆ ತಿರುಗಿ ಜೋತುಬಿದ್ದಿದ್ದವು. ಎರಡು ಬೋರಿನಲ್ಲಿ ಒಂದು ಪೂರ್ತಿ ನಿಂತಿತ್ತು. 700 ಅಡಿಯ ಇನ್ನೊಂದು ಅರ್ಧ ಗಂಟೆ ನೀರೆತ್ತಿ ಗಾಳಿ ಉಗುಳುತ್ತಿತ್ತು. ದಿನಕ್ಕೆ ನಾಲ್ಕು ಟ್ಯಾಂಕರ್ ನೀರು ತರಿಸಿ ಹೊಂಡಕ್ಕೆ ಬಿಟ್ಟು, ಅಲ್ಲಿಂದ ಡ್ರಿಪ್ ಪೈಪಿನಲ್ಲಿ ಒಂದೊಂದು ಮರಕ್ಕೂ ಹನಿ ಹನಿ ಉಣಿಸುತ್ತಿದ್ದರು.

ತಂಗಿ ಕಾಫಿ ತಂದು ಕೊಟ್ಟಳು. ಲೋಟ ಹಿಡಿದ ಕೈಯಲ್ಲಿ ಬರೀ ಗಾಜಿನ ಬಳೆ. ಚಿನ್ನದ ಸಾಲದ ಲೆಡ್ಜರನ್ನು ಅಷ್ಟು ವರ್ಷ ಬರೆದವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಗುರುವಾರ ರಾತ್ರಿ ಊಟ ಮುಗಿಸಿ ಸೋದರಳಿಯನ ಜೊತೆ ನಾವಿಬ್ಬರೂ ತೋಟಕ್ಕೆ ಹೋದೆವು. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಬಂದ ಕೂಡಲೇ ಮೋಟರ್ ಹಾಕಬೇಕು, ನೀರು ನಿಂತ ಕೂಡಲೇ ಆರಿಸಬೇಕು. ಹಾಗಾಗಿ ಅಳಿಯ ಎರಡು ತಿಂಗಳಿಂದ ಪಂಪ್‌ಸೆಟ್ಟಿನ ತಗಡಿನ ಶೆಡ್ಡಿನಲ್ಲೇ ಮಲಗುತ್ತಿದ್ದ. ಈ ಸಲದ ಐಪಿಎಲ್ ಪೂರ್ತಿ ನೋಡಿದ್ದು ಅಲ್ಲೇ, ಮೊಬೈಲಿನಲ್ಲಿ. ಗೋಡೆಯ ಮೇಲೆ ಸ್ಟಾರ್ಟರ್, ಅದರ ಪಕ್ಕ ಕೊಹ್ಲಿ.

ಅವತ್ತು ಹೈದರಾಬಾದ್ ಮತ್ತು ಗುಜರಾತ್ ಪಂದ್ಯ. ಹೈದರಾಬಾದಿನಲ್ಲಿ ಮಳೆ. ಮೊಬೈಲಿನ ತುಂಬ ಮಳೆಯೇ ಕಾಣುತ್ತಿತ್ತು. ಮೈದಾನಕ್ಕೆ ಹೊದಿಸಿದ ಟಾರ್ಪಾಲಿನ ಮೇಲೆ ನೀರು ಹರಿಯುತ್ತಿತ್ತು. ಒಂದೂ ಚೆಂಡು ಹಾಕದೆ ಪಂದ್ಯ ರದ್ದಾಯಿತು. ಎರಡೂ ತಂಡಕ್ಕೆ ಒಂದೊಂದು ಅಂಕ. ಅಷ್ಟರಿಂದಲೇ ಹೈದರಾಬಾದ್ ಒಳಗೆ ಹೋಯಿತು. ನಾಲ್ಕು ಸ್ಥಾನದಲ್ಲಿ ಇನ್ನು ಖಾಲಿ ಉಳಿದಿದ್ದು ಒಂದು.

"ಮಾವ, ಶನಿವಾರ ಬೆಂಗಳೂರಿನ್ಯಾಗೂ ಹಿಂಗೇ ಆದ್ರೆ ನಮ್ಮ ಕತೆ ಮುಗೀತು. ಚೆನ್ನೈಗೆ 14 ಅದಾವು, 15 ಆಗ್ತಾವು. ನಮಗೆ 12, 13ಕ್ಕೆ ನಿಲ್ತೀವಿ" ಎಂದ ಅಳಿಯ.

"ಗೆದ್ದರೆ ಇಬ್ಬರದೂ 14. ಆಗ?" ಎಂದೆ.

"ಆಗ ನೆಟ್ ರನ್ ರೇಟ್ ಅಜ್ಜ" ಎಂದಳು ಮೊಮ್ಮಗಳು.

ಲೆಕ್ಕದ ಮಾತು ಬಂದರೆ ನಾನು ಸುಮ್ಮನಿರುವವನಲ್ಲ. ಬಿ.ಕಾಂ. ಓದಿದವನು. ಶೆಡ್ಡಿನಲ್ಲಿದ್ದ ಟ್ಯಾಂಕರ್ ಲೆಕ್ಕದ ನೋಟ್‌ಬುಕ್ಕನ್ನೇ ತೆರೆದು ಕೂತೆ. ಮಕ್ಕಳೇ, ನೆಟ್ ರನ್ ರೇಟ್ ಎಂದರೆ ಹೆದರಬೇಡಿ. ನಮ್ಮ ತಂಡ ಓವರಿಗೆ ಎಷ್ಟು ರನ್ ಹೊಡೆದಿದೆ ಎಂಬುದು ಜಮಾ, ಓವರಿಗೆ ಎಷ್ಟು ರನ್ ಕೊಟ್ಟಿದೆ ಎಂಬುದು ಖರ್ಚು. ಜಮೆಯಲ್ಲಿ ಖರ್ಚು ಕಳೆದರೆ ಉಳಿಯುವುದೇ ಅದು. 13 ಪಂದ್ಯ ಮುಗಿದಾಗ ನಮ್ಮದು 0.387, ಚೆನ್ನೈಯದು 0.528. ನಾವು 18 ರನ್ನಿನಿಂದ ಗೆದ್ದೆವು ಎನ್ನಿ. 20 ಓವರಿಗೆ 18 ಎಂದರೆ ಓವರಿಗೆ 0.9. ನಮ್ಮ 13 ಪಂದ್ಯದ ಮೊತ್ತಕ್ಕೆ ಅದನ್ನು ಕೂಡಿ 14ರಿಂದ ಭಾಗಿಸಿದೆ: 0.424. ಅವರ ಮೊತ್ತದಲ್ಲಿ ಕಳೆದು ಭಾಗಿಸಿದೆ: 0.426.

"ಸಾಲದು. 19 ಬೇಕು" ಎಂದು ತೀರ್ಪು ಕೊಟ್ಟೆ.

"ಎಲ್ಲ ಕಡೆ 18 ಅಂತಿದೆಯಲ್ಲ ಅಜ್ಜ. ಮೊದಲು ಬ್ಯಾಟ್ ಮಾಡಿ 200 ಹೊಡೆದರೆ 18 ರನ್ನಿಂದ ಗೆಲ್ಲಬೇಕು. ಆಮೇಲೆ ಬ್ಯಾಟ್ ಮಾಡಿದರೆ 11 ಬಾಲ್ ಉಳಿಸಬೇಕು."

ಒಂದು ರನ್ ವ್ಯತ್ಯಾಸ! ದಿನದ ಲೆಕ್ಕದಲ್ಲಿ ಒಂದು ರೂಪಾಯಿ ಕೂಡದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗದೆ ಹುಡುಕುತ್ತಿದ್ದವರು ನಾವು. ಮೂರು ಸಲ ಕೂಡಿದೆ. ಆಮೇಲೆ ಹೊಳೆಯಿತು. ಎಲ್ಲ ಪಂದ್ಯಗಳೂ ಪೂರ್ತಿ 20 ಓವರ್ ನಡೆದಿರುವುದಿಲ್ಲ. ರನ್ನುಗಳನ್ನೆಲ್ಲ ಒಟ್ಟು ಮಾಡಿ ಓವರುಗಳ ಒಟ್ಟಿನಿಂದ ಭಾಗಿಸಬೇಕೇ ಹೊರತು ಸರಾಸರಿಗಳ ಸರಾಸರಿ ತೆಗೆಯಬಾರದು. ಬಿ.ಕಾಂ. ಮೊದಲ ವರ್ಷದಲ್ಲೇ ಕಲಿಸಿದ ಪಾಠ. ಮೊಮ್ಮಗಳ ಎದುರು ತಪ್ಪೊಪ್ಪಿಕೊಂಡೆ.

ಪುಟ ತಿರುಗಿಸಿದರೆ ಆ ಕಡೆ ಭಾವನ ಕೈಬರಹ. ಅದೂ ಲೆಕ್ಕವೇ. ಮೇ ಮುಗಿಯುವವರೆಗೆ ಟ್ಯಾಂಕರ್ ಎಷ್ಟು, ಜೂನ್ 10ರವರೆಗಾದರೆ ಎಷ್ಟು, ಮೂರೂ ಎಕರೆಗಾದರೆ ಎಷ್ಟು, ಎರಡೇ ಎಕರೆಗಾದರೆ ಎಷ್ಟು. ಕೊನೆಗೆ 'ಮೇಲಿನ ಎಕರೆ' ಎಂದು ಬರೆದು ಅಡಿಗೆರೆ ಎಳೆದಿದ್ದರು. ಮೇಲಿನ ಎಕರೆ ಎಂದರೆ ಅಳಿಯ ಡಿಪ್ಲೊಮಾ ಮುಗಿಸಿ ಬಂದ ವರ್ಷ ತಾನೇ ಗುಂಡಿ ತೆಗೆದು ಸಸಿ ಇಟ್ಟ ತೋಟ. ಈಗಷ್ಟೇ ಹಿಂಗಾರ ಬಿಡಲು ಶುರುವಾಗಿತ್ತು.

"ಇದು ನೋಡಿದೀಯಾ?" ಎಂದೆ ಮೆಲ್ಲಗೆ.

"ನೋಡೀನಿ ಮಾವ. ಅಪ್ಪ ಇನ್ನೂ ನನಗೆ ಹೇಳಿಲ್ಲ. ಭಾನುವಾರದೊಳಗೆ ಮಳೆ ಬಂದ್ರೆ ಹೇಳೋದು ಬೇಕಾಗಂಗಿಲ್ಲ."

ಅಷ್ಟರಲ್ಲಿ ಬೋರು ಗಾಳಿ ಉಗುಳಿತು. ಎದ್ದು ಹೋಗಿ ಆರಿಸಿ ಬಂದ.

ಬೆಳಿಗ್ಗೆ ಹೊರಡುವಾಗ ತಂಗಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಮಗನ ಕಡೆ ಒಂದು ಕಣ್ಣು, ದೇವರ ಕಡೆ ಒಂದು ಕಣ್ಣು. "ಬೆಂಗಳೂರಾಗೆ ಬ್ಯಾಡಪ್ಪ, ಇಲ್ಲಿ ಬರ್ಲಿ" ಎಂದು ಕೈಮುಗಿದಳು. ಮೊಮ್ಮಗಳು ಪಕ್ಕದಲ್ಲಿ ನಿಂತು ತಾನೂ ಕೈಮುಗಿದು, "ಬೆಂಗಳೂರಲ್ಲಿ ಭಾನುವಾರ ಬರ್ಲಿ" ಎಂದು ತಿದ್ದುಪಡಿ ಹಾಕಿದಳು. ಅವರ ಮನೆಯ ನಲ್ಲಿಯೂ ನೆನಪಾಗಿತ್ತೋ ಏನೋ.

ದಾರಿಯಲ್ಲಿ ಸೂಳೆಕೆರೆಯನ್ನೂ ತೋರಿಸಿದೆ. ಅದಕ್ಕೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು, ನೂರಾರು ವರ್ಷಗಳ ಹಿಂದಿನ ಕೆಲಸ. ನೀರು ದಡದಿಂದ ಹಿಂದೆ ಸರಿದು ಕೆಸರಿನ ಪಟ್ಟಿ ಬಿಟ್ಟಿತ್ತು. ಆದರೂ ಆಚೆ ದಡ ಸುಲಭಕ್ಕೆ ಕಣ್ಣಿಗೆ ಸಿಗುವುದಿಲ್ಲ. "ಇಷ್ಟು ನೀರು ಇದೆಯಲ್ಲ ಅಜ್ಜ!" ಎಂದಳು. ಇದೆ. ಆದರೆ ತಂಗಿಯ ತೋಟ ಇರುವುದು ಅದರ ಮೇಲ್ಗಡೆ.

ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆಯ ಮೇಲೆ ನಿಂತು ನೋಡಿದರೆ ಹೊಳೆಗಿಂತ ಬಂಡೆಗಳೇ ಹೆಚ್ಚು ಕಂಡವು. ನಾನು ಇಲ್ಲಿದ್ದಾಗ ಮಳೆಗಾಲದ ಹೊಳೆಯ ಸದ್ದು ರಾತ್ರಿ ನಿದ್ದೆಯಲ್ಲೂ ಕೇಳುತ್ತಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ತಗೊಂಡು ಕೂತೆವು. ಅಲ್ಲಿ ಸಭೆಯೇ ಸೇರಿತ್ತು. ಟ್ರ್ಯಾಕ್ಟರ್ ಮೆಕ್ಯಾನಿಕ್ಕು, ಗೊಬ್ಬರದಂಗಡಿಯವರು, ಒಬ್ಬರು ಮೇಷ್ಟ್ರು, ಮೂರು ಜನ ಹುಡುಗರು.

ಮೇಷ್ಟ್ರದು ಹಳೇ ದೂರು. "ನಮ್ಮ ತಂಡ ಅಂತೀರಿ, ನಮ್ಮೋರು ಎಷ್ಟು ಜನ ಅದಾರೆ? ರಾಹುಲ್, ಪಡಿಕ್ಕಲ್ ಲಖನೌನಾಗೆ. ಮಯಂಕ್ ಹೈದರಾಬಾದಿನ್ಯಾಗೆ. ನಮ್ಮ ದಾವಣಗೆರೆ ವಿನಯ್ ಕುಮಾರ್ ಇದ್ದಾಗ ನೋಡ್ಬೇಕಿತ್ತು."

"ಆಗ ಮಾತ್ರ ಕಪ್ ಬಂದಿತ್ತೇನ್ರಿ ಸಾರ್?" ಎಂದ ಮೆಕ್ಯಾನಿಕ್ಕು. "2009ರಾಗೆ ಆರು ರನ್ನಿಗೆ ಹೋತು. 2011ರಾಗೆ ಇದೇ ಚೆನ್ನೈ ಹೊಡೀತು. 2016ರಾಗೆ ಎಂಟು ರನ್ನಿಗೆ ಹೋತು. ಬೌಲರ್‌ಗಳನ್ನ ಬಿಟ್ಟುಕೊಡೋದು, ಆಮೇಲೆ ಅಳೋದು. ಚಾಹಲ್‌ನ ಯಾಕೆ ಬಿಟ್ರು? ಅದನ್ನ ಹೇಳ್ರಿ ಮೊದ್ಲು."

ಅದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ಗೊಬ್ಬರದಂಗಡಿಯವರು, "ಹದಿನೇಳು ವರ್ಷ ಆತು, ಒಂದು ಕಪ್ಪಿಲ್ಲ" ಎಂದು ನಿಟ್ಟುಸಿರು ಬಿಟ್ಟರು.

"ಬಂದಾಗಿದೆ" ಎಂದಳು ನನ್ನ ಮೊಮ್ಮಗಳು, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ. ಎಲ್ಲರೂ ತಿರುಗಿ ನೋಡಿದರು. "ಮಾರ್ಚ್ 17ಕ್ಕೆ. ದೆಹಲಿಯಲ್ಲಿ. ಸ್ಮೃತಿ ಮಂದಾನ ಕ್ಯಾಪ್ಟನ್. ಫೈನಲ್‌ನಲ್ಲಿ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್. ನಮ್ಮೋರು ಎಷ್ಟು ಜನ ಅಂದ್ರಲ್ಲ, ಅವಳು ನಮ್ಮೋಳೇ."

ಒಂದು ಗಳಿಗೆ ಹೋಟೆಲು ಸ್ತಬ್ಧ. ಮೆಕ್ಯಾನಿಕ್ಕು ಮೊದಲು ನಕ್ಕ. "ಇದಕ್ಕಂತಾರೆ ನೋಡು ಹೊನ್ನಾಳಿ ಹೊಡ್ತ ಅಂತ!" ನಮ್ಮ ಕಡೆ ಜೋರಾದ ಏಟಿಗೆಲ್ಲ ಇದೇ ಮಾತು. ಹೆಂಡತಿ ಬೈದರೂ ಹೊನ್ನಾಳಿ ಹೊಡ್ತವೇ, ಸಿಕ್ಸರ್ ಬಿದ್ದರೂ ಹೊನ್ನಾಳಿ ಹೊಡ್ತವೇ. ಹೋಟೆಲಿನವರು ಅವಳ ಮಿರ್ಚಿಗೆ ದುಡ್ಡು ತಗೊಳ್ಳಲಿಲ್ಲ. ನನ್ನದಕ್ಕೆ ತಗೊಂಡರು.

ನ್ಯಾಮತಿ ಅಲ್ಲಿಂದ ಹತ್ತಿರ. ನಾನಿದ್ದಾಗ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಈಗ ಅದೇ ತಾಲ್ಲೂಕು. ನನ್ನ ಶಾಖೆಯಿದ್ದ ಮನೆಯನ್ನು ಕೆಡವಿಬಿಟ್ಟಿದ್ದಾರೆ, ತೋರಿಸಲು ಏನೂ ಇರಲಿಲ್ಲ. ಹೇಗೂ ಬಂದೆನಲ್ಲ ಎಂದು ಕ್ಷೌರಕ್ಕೆ ಕೂತೆ. ಕಟಿಂಗ್ ಶಾಪಿನಲ್ಲಿ ಚರ್ಚೆ ಹವಾಮಾನದ್ದು. ಶನಿವಾರ ಬೆಂಗಳೂರಿಗೆ ಮಳೆ ಎಂದು ಮೊಬೈಲ್ ಹೇಳುತ್ತಿತ್ತು. "ಹೆದರಬ್ಯಾಡ್ರಿ. ಚಿನ್ನಸ್ವಾಮಿ ಸ್ಟೇಡಿಯಮ್ಮಿನ ನೆಲದ ಕೆಳಗೆ ಪೈಪ್ ಹಾಕಿ ಮಷೀನ್ ಇಟ್ಟಾರೆ. ಎಷ್ಟೇ ನೀರು ಬೀಳಲಿ, ಎಳ್ಕೊಂಡು ಬಿಡ್ತತಿ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಶುರು" ಎಂದ ಕತ್ತರಿಯವನು. ಅವನು ಹೇಳಿದ್ದು ನಿಜ, ಸಬ್‌ಏರ್ ಎನ್ನುತ್ತಾರೆ ಅದಕ್ಕೆ. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು ಪೇಪರಿನಿಂದ ತಲೆ ಎತ್ತಿ ಕೇಳಿದರು: "ಎಳ್ಕೊಂಡ ನೀರು ಎಲ್ಲಿಗೆ ಬಿಡ್ತಾರಪಾ? ನಮ್ಮ ಬೋರಿಗೆ ಬಿಡಾಕ್ ಹೇಳು."

ಅವತ್ತು ರಾತ್ರಿ ದಾವಣಗೆರೆಯ ನಮ್ಮ ಮನೆಯಲ್ಲಿ ಉಳಿದು, ಶನಿವಾರ ಮಧ್ಯಾಹ್ನ ಜಗಳೂರಿಗೆ ಹೋದೆವು. ದಾವಣಗೆರೆ ಬಿಟ್ಟು ಆ ದಿಕ್ಕಿಗೆ ಹೊರಟರೆ ಗದ್ದೆ, ತೋಟ ಹಿಂದೆ ಉಳಿದು ಮೆಕ್ಕೆಜೋಳದ ಹೊಲಗಳು ಬರುತ್ತವೆ. ಮುಂದೆ ಕುರುಚಲು ಗುಡ್ಡ. ರಂಗಯ್ಯನದುರ್ಗದ ಆ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ, ಅದಕ್ಕಾಗಿಯೇ ಅಭಯಾರಣ್ಯ ಮಾಡಿದ್ದಾರೆ. ಮೊಮ್ಮಗಳು ಬಸ್ಸಿನ ಕಿಟಕಿಯಿಂದಲೇ ಅದನ್ನು ಹುಡುಕಿದಳು, ಪಾಪ. ಮಾತು ಕೂಡ ಇಲ್ಲಿ ಬದಲಾಗುತ್ತದೆ. ಹೊನ್ನಾಳಿಯ 'ಐತಿ' ಇಲ್ಲಿ 'ಐತೆ'.

ಜಗಳೂರಿನ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕ್ಯಾಶಿಯರ್ ಆಗಿದ್ದ ಗೆಳೆಯ ಅಲ್ಲೇ ನೆಲೆಸಿದ್ದಾನೆ. ಐದೆಕರೆ ಖುಷ್ಕಿ ಜಮೀನು. ತುಂಗಭದ್ರೆಯಿಂದ ನೀರು ತಂದು 57 ಕೆರೆ ತುಂಬಿಸುವ ಯೋಜನೆಯ ಪೈಪು ಅವನ ಹೊಲಕ್ಕೆ ದೂರ. ಅವನಿಗೆ ಬೋರೂ ಇಲ್ಲ, ಟ್ಯಾಂಕರೂ ಇಲ್ಲ. ಹೋದ ವರ್ಷದ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗಿತ್ತು. ಈ ವರ್ಷ ಹೊಲ ಉತ್ತು, ಬೀಜದ ಚೀಲ ತಂದು ನಡುಮನೆಯಲ್ಲಿ ಇಟ್ಟುಕೊಂಡಿದ್ದ. ನಾವು ಹೋಗಿ ಕೂತಿದ್ದು ಆ ಚೀಲಗಳ ಮೇಲೆಯೇ, ಏಕೆಂದರೆ ಕುರ್ಚಿಗಳಲ್ಲೆಲ್ಲ ಟಿವಿ ನೋಡಲು ಬಂದ ನೆರೆಯವರು ಕೂತಿದ್ದರು.

ಟಾಸ್ ಗೆದ್ದ ಚೆನ್ನೈ ನಮಗೆ ಬ್ಯಾಟಿಂಗ್ ಕೊಟ್ಟಿತು. ಮೂರು ಓವರ್ ಆಗಿತ್ತು, 31 ರನ್ ಬಂದಿತ್ತು, ಮಳೆ ಶುರುವಾಯಿತು. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಗೆಳೆಯ ಮಾತ್ರ ಟಿವಿಯ ಹತ್ತಿರ ಬಾಗಿ, ಮಳೆಯನ್ನೇ ದಿಟ್ಟಿಸಿ ನೋಡಿ, "ಏನ್ ಚೆನ್ನಾಗಿ ಹುಯ್ತೈತೆ ನೋಡಪ್ಪಾ" ಎಂದ. ಹುಡುಗರು ಅವನನ್ನು ದುರುಗುಟ್ಟಿ ನೋಡಿದರು. ಸ್ವಲ್ಪ ಹೊತ್ತಿಗೆ ಮಳೆ ನಿಂತಿತು, ಮಷೀನು ತನ್ನ ಕೆಲಸ ಮಾಡಿತು, ಒಂದೂ ಓವರ್ ಕಡಿತವಾಗಲಿಲ್ಲ. ನಮ್ಮವರು 218 ಮುಟ್ಟಿಸಿದರು. ಇನ್ನು ಚೆನ್ನೈ 201 ಮಾಡಿದರೆ ಸಾಕು, ಸೋತರೂ ಅವರೇ ಒಳಗೆ.

ಕೊನೆಯ ಎರಡು ಓವರ್ ಇರುವಾಗ ನನ್ನ ಫೋನು ಬಡಿದುಕೊಂಡಿತು. ಅಳಿಯ.

"ಮಾವ, ಕರೆಂಟ್ ಹೋತು. ಮೊಬೈಲಿನ್ಯಾಗೆ ಆಟ ಬರ್ತಿಲ್ಲ. ನೀವು ನೋಡಾಕತ್ತೀರಾ? ಹೇಳ್ರಿ!"

ಅವನ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಹಿಂದೆ ಏನೋ ದಬದಬ ಸದ್ದು. "ಏನೋ ಅದು ಗಲಾಟೆ?" ಎಂದೆ.

"ತಗಡು ಮಾವ! ಶೆಡ್ಡಿನ ತಗಡು! ಮಳಿ!"

ಫೋನನ್ನು ಸ್ಪೀಕರಿಗೆ ಹಾಕಿದೆ. ಚನ್ನಗಿರಿಯ ಮಳೆ ಜಗಳೂರಿನ ನಡುಮನೆಯಲ್ಲಿ ಸುರಿಯತೊಡಗಿತು. ಮೊಮ್ಮಗಳು ಫೋನಿನ ಹತ್ತಿರ ಬಾಯಿಟ್ಟು ಕಾಮೆಂಟರಿ ಹೇಳಿದಳು. ಕೊನೆಯ ಓವರ್, ಅವರಿಗೆ 17 ಬೇಕು, ಯಶ್ ದಯಾಳ್ ಬೌಲಿಂಗ್, ಧೋನಿ ಎದುರಿಗೆ. ಮೊದಲನೇದು ಸಿಕ್ಸ್, ಚೆಂಡು ಸ್ಟೇಡಿಯಮ್ಮಿನ ಆಚೆಗೇ ಹೋಯಿತು. ಆ ಕಡೆಯಿಂದ "ಅಯ್ಯೋ" ಎಂಬ ಸ್ವರ, ಮಳೆಯ ಸದ್ದು. ಎರಡನೇದು, ಕ್ಯಾಚ್, ಔಟ್! ಕುರ್ಚಿಗಳು ಬಿದ್ದವು. ಮೂರನೇದು ಏನಿಲ್ಲ. ನಾಲ್ಕನೇದು ಒಂದು. ಐದನೇದು ಏನಿಲ್ಲ. ಆರನೇದೂ ಏನಿಲ್ಲ. ಚೆನ್ನೈ 191. ನಾವು 27 ರನ್ನಿನಿಂದ ಗೆದ್ದಿದ್ದೆವು; 18 ಅಲ್ಲ, ನನ್ನ 19 ಕೂಡ ದಾಟಿತ್ತು.

ಬೀದಿಯಲ್ಲಿ ಪಟಾಕಿ ಶುರುವಾಯಿತು. ಅಳಿಯ ಫೋನಿನಲ್ಲಿ ಏನೇನೋ ಕೂಗುತ್ತಿದ್ದ. ಅದು ಗೆಲುವಿಗೋ ಮಳೆಗೋ ತಿಳಿಯುವಂತಿರಲಿಲ್ಲ. ನೆರೆಯವರೆಲ್ಲ ಹೊರಗೆ ಓಡಿದ ಮೇಲೂ ಗೆಳೆಯ ಫೋನನ್ನು ಕೈಯಲ್ಲಿ ಹಿಡಿದು ಕೂತೇ ಇದ್ದ. "ಇಡಬ್ಯಾಡ ಕಣಪ್ಪಾ, ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ" ಎಂದು ಅಳಿಯನಿಗೆ ಹೇಳಿದ. ಆಮೇಲೆ ನಾವಿಬ್ಬರೂ ಹೊರಗೆ ಬಂದು ಆಕಾಶ ನೋಡಿದೆವು. ಪಟಾಕಿಯ ಹೊಗೆ ಬಿಟ್ಟರೆ ಒಂದು ಮೋಡವಿರಲಿಲ್ಲ.

ಮೇ 22ರ ಬುಧವಾರ ಅಹಮದಾಬಾದಿನಲ್ಲಿ ರಾಜಸ್ಥಾನದ ಮೇಲೆ ನಾಲ್ಕು ವಿಕೆಟ್‌ನಿಂದ ಸೋತರು. ಕಪ್ಪಿನ ಕತೆ ಈ ಸಲಕ್ಕೂ ಅಷ್ಟೇ. ಸಮಾಧಾನ ಹೇಳೋಣವೆಂದು ಅಳಿಯನಿಗೆ ಫೋನ್ ಮಾಡಿದರೆ, ಎತ್ತಿದ್ದು ತಂಗಿ. "ಮ್ಯಾಲಿನ ಎಕರೆಗೆ ಗೊಬ್ಬರ ಹಾಕಾಕ ಹೋಗ್ಯಾನೆ ಅಣ್ಣ, ಟ್ಯಾಂಕರ್ ನಿಲ್ಸಿ ಮೂರು ದಿನ ಆತು" ಎಂದಳು.

ಮೊಮ್ಮಗಳನ್ನು ಬೆಂಗಳೂರಿಗೆ ಬಿಡಲು ಬಟ್ಟೆ ಜೋಡಿಸುತ್ತಿದ್ದ ದಿನ, ಸಂಜೆ ಐದರ ಸುಮಾರಿಗೆ ಜಗಳೂರಿನಿಂದ ಫೋನ್ ಬಂತು. ಹಲೋ ಎಂದೆ. ಗೆಳೆಯ ಮಾತಾಡಲಿಲ್ಲ. ಮತ್ತೆ ಹಲೋ ಎಂದೆ. ಏನೋ ಸರಸರ ಸದ್ದು. ಸಿಗ್ನಲ್ ಸರಿಯಿಲ್ಲವೆಂದು ಇಡಲು ಹೊರಟಿದ್ದೆ. ಮೊಮ್ಮಗಳು ಕೈಯಿಂದ ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ಇಡಬೇಡ ಅಜ್ಜ. ಕಿಟಕಿ ಆಚೆ ಹಿಡ್ಕೊಂಡಿದಾರೆ."